ಪೈಪು ಸೇದುವವರ ಸಂಘದ ಅಧ್ಯಕ್ಷ

ಈಗಲೇ ಹೇಳಿಬಿಟ್ಟರೆ ಹೇಗೆ? ಹೇಳಬೇಕಾದದ್ದು ಒಂದೇ ಮಾತು. ಪೈಪನ್ನು ಬಾಯಿಂದ ತೆಗೆದು ಮೇಜಿನ ಮೇಲೆ ಬೋರಲು ಹಿಡಿದು ಕುಟ್ಟಿ ತೋರಿಸಿದರೆ ಆ ಮಾತೂ ಬೇಕಾಗಿಲ್ಲ. ಒಂದು ಚಿಟಿಕೆ ಬೂದಿಯೂ ಬೀಳುವುದಿಲ್ಲ. ಆದರೆ ಆಮೇಲೆ? ಇವರೆಲ್ಲ ನಗುತ್ತಾರೆ. ನಕ್ಕು ಮುಗಿದ ಮೇಲೆ ಮಾತಾಡಿಸಲು ಶುರು ಮಾಡುತ್ತಾರೆ. ನಗುವುದನ್ನಾದರೂ ಸಹಿಸಬಹುದು. ಮಾತಾಡಿಸುವುದನ್ನು ದಿನಾ ಹೇಗೆ ಸಹಿಸುವುದು?

ಪುಟ್ಟಬಸವಯ್ಯ ಪೈಪನ್ನು ಬಾಯಿಯ ಎಡಗಡೆಯಿಂದ ಬಲಗಡೆಗೆ ಸರಿಸಿಕೊಂಡ. ಅವನು ಕೂತಿದ್ದು ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಎದುರಿಗಿರುವ ಕಲ್ಲಯ್ಯನ ಹೋಟೆಲಿನ ಮೂಲೆ ಬೆಂಚಿನಲ್ಲಿ. ನಾಲಾ ವಿಭಾಗದ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ಮೇಲೆ ಅವನ ಸಂಜೆಗಳೆಲ್ಲ ಆ ಮೂಲೆಯಲ್ಲೇ ಕಳೆಯುತ್ತಿದ್ದವು. ಎದುರಿಗೆ ಮಲ್ಲಿಕಾರ್ಜುನ್ ಕೂತಿದ್ದ. ನಂಜನಗೂಡಿನಲ್ಲಿ ಬೀಡಿ ಸಿಗರೇಟಿನ ಸಗಟು ಏಜೆನ್ಸಿ ಇಟ್ಟುಕೊಂಡಿದ್ದ ಅವನು ವಾರಕ್ಕೊಮ್ಮೆ ಅಂಗಡಿಗಳಿಗೆ ಮಾಲು ಹಾಕಲು ಈ ಊರಿಗೆ ವ್ಯಾನು ತರುತ್ತಿದ್ದ.

"ಗಾಂಧಿ ಜಯಂತಿಯಿಂದ ಹೋಟ್ಲು, ಬಸ್ ಸ್ಟ್ಯಾಂಡು, ಆಫೀಸು ಎಲ್ಲೂ ಸೇದಂಗಿಲ್ಲ ಸಾ. ಡೆಲ್ಲಿಯಿಂದ ಆರ್ಡರ್ ಆಗದೆ. ಸೇದಿದ್ರೆ ಇನ್ನೂರು ರೂಪಾಯಿ ಫೈನು," ಎಂದ ಮಲ್ಲಿಕಾರ್ಜುನ್.

"ಸೇದ್ದೋನ್ಗೆ ಮಾತ್ರ ಅಲ್ಲ, ಒಟ್ಲೋನ್ಗೂ ಆಕ್ತಾರಂತೆ," ಎಂದು ಕಲ್ಲಯ್ಯ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಸೇರಿಸಿದ.

"ಮೂವತ್ತು ಸೀಟಿನ ಮೇಲಿದ್ರೆ ಸೇದೋರಿಗೆ ಅಂತ ಬೇರೆ ರೂಮು ಕಟ್ಟಬೌದು ಕಣಯ್ಯ."

"ನಂದು ನಾಕು ಬೆಂಚು. ರೂಮು ಎಲ್ಲಿ ಕಟ್ಲಿ, ಇಡ್ಲಿ ಪಾತ್ರೆ ಒಳಕ್ಕಾ?"

ಪಕ್ಕದ ಬೆಂಚಿನವರು ನಕ್ಕರು. ಮಲ್ಲಿಕಾರ್ಜುನ್ ನಗಲಿಲ್ಲ. ಪುಟ್ಟಬಸವಯ್ಯನ ಕಡೆ ಬಾಗಿ ಹೇಳಿದ: "ಬೀಡಿ ಕಟ್ಟೋರಿಗೆ ಯೂನಿಯನ್ ಅದೆ ಸಾ. ಸಿಗರೇಟಿಗೆ ಕಂಪನಿ ಅದೆ. ಹೊಗೆಸೊಪ್ಪು ಬೆಳೆಯೋರಿಗೆ ಮಂಡಳಿ ಅದೆ. ಅವ್ರೆಲ್ಲ ಡೆಲ್ಲಿಗೆ ಹೋಗಿ ಬರ್ತಾ ಅವ್ರೆ. ಪೈಪಿನೋರಿಗೆ ಯಾರವ್ರೆ? ಯಾರೂ ಇಲ್ಲ. ಅದಕ್ಕೇ ಒಂದು ಸಂಘ ಮಾಡಣ ಅಂತ. ನಂಜನಗೂಡು ಮತ್ತು ತಿ. ನರಸೀಪುರ ತಾಲೂಕು ಪೈಪು ಸೇದುವವರ ಹಿತರಕ್ಷಣಾ ಸಂಘ. ನೀವೇ ಅಧ್ಯಕ್ಷರು."

ಈ ಯೋಚನೆ ಮಲ್ಲಿಕಾರ್ಜುನನ ತಲೆಯಲ್ಲಿ ಹುಟ್ಟಿದ್ದಲ್ಲ ಎಂದು ಪುಟ್ಟಬಸವಯ್ಯನಿಗೆ ಆಗಲೇ ಅನ್ನಿಸಿತು. ಸ್ವಲ್ಪ ಹೊತ್ತಿಗೆ ಅದೂ ಹೊರಬಂತು. ಕಂಪನಿಯ ಏರಿಯಾ ಮ್ಯಾನೇಜರ್ ಹೇಳಿದ್ದನಂತೆ: ಸಿಗರೇಟು ಮಾರುವವರು ಹೋಗಿ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ, ವಯಸ್ಸಾದವರನ್ನು ಹುಡುಕಿ, ನೋಡಿದರೆ ಗೌರವ ಬರುವಂಥವರನ್ನು ಮುಂದೆ ಬಿಡಿ. ಎರಡು ತಾಲೂಕಿನಲ್ಲಿ ನೋಡಿದರೆ ಗೌರವ ಬರುವಂತೆ ಸೇದುತ್ತಿದ್ದವನು ಪುಟ್ಟಬಸವಯ್ಯ ಒಬ್ಬನೇ.

"ಏನಂತೀರಿ ಸಾ?"

"ಹ್ಞೂಂ," ಎಂದ ಪುಟ್ಟಬಸವಯ್ಯ. ಅವನು 'ಕೇಳಿಸಿತು' ಎನ್ನುವ ಅರ್ಥದಲ್ಲಿ ಹೇಳಿದ್ದು. ಆದರೆ ಪೈಪು ಕಚ್ಚಿಕೊಂಡವನ ಹ್ಞೂಂಕಾರಕ್ಕೆ ಜನ ತಮಗೆ ಬೇಕಾದಷ್ಟು ತೂಕ ಸೇರಿಸಿಕೊಳ್ಳುತ್ತಾರೆ. ಮಲ್ಲಿಕಾರ್ಜುನ್ ಎದ್ದು ಅವನ ಕೈ ಕುಲುಕಿ, ಎಲ್ಲರಿಗೂ ಕಾಫಿ ಹೇಳಿದ.

ಪೈಪು ಅವನಿಗೆ ಬಂದಿದ್ದು ಕಚೇರಿಯ ಎಂಜಿನಿಯರೊಬ್ಬರಿಂದ. ವರ್ಗವಾಗಿ ಹೋಗುವಾಗ ಅವರು ಮೇಜಿನ ಖಾನೆಯಲ್ಲಿ ಬಿಟ್ಟುಹೋಗಿದ್ದರು. ವರ್ಷಗಟ್ಟಲೆ ಸೇದಿದ. ತೊಂಬತ್ತಾರರಲ್ಲಿ ಕೆಮ್ಮು ಹಿಡಿದು ಬಿಡದಾದಾಗ ಮೈಸೂರಿನ ಡಾಕ್ಟರು ಎದೆಯ ಎಕ್ಸರೆ ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಅವನ ಜೇಬಿನಲ್ಲಿದ್ದ ಪೈಪನ್ನು ನೋಡಿದರು. ಆ ನೋಟದಲ್ಲಿ ಮಾತಿರಲಿಲ್ಲವಾದ್ದರಿಂದಲೋ ಏನೋ ಅದು ಅವನಿಗೆ ನಾಟಿತು. ಅವತ್ತೇ ಹೊಗೆಸೊಪ್ಪು ಬಿಟ್ಟ. ಬಿಟ್ಟದ್ದು ಅಂಥ ಕಷ್ಟವಾಗಲೂ ಇಲ್ಲ.

ಕಷ್ಟವಾದದ್ದು ಪೈಪನ್ನು ಮನೆಯಲ್ಲಿಟ್ಟು ಹೋಟೆಲಿಗೆ ಬಂದ ಮೊದಲ ಸಂಜೆ. ಸುಮ್ಮನೆ ಕೂತವನನ್ನು ಸುಮ್ಮನೆ ಕೂರಲು ಬಿಡುವ ಪದ್ಧತಿ ನಮ್ಮ ಕಡೆ ಇಲ್ಲ. ಯಾಕ್ ಸಾ ಸಪ್ಪಗಿದ್ದೀರಿ ಎಂದು ಒಬ್ಬ ಕೇಳಿದ. ಶುಗರ್ ಚೆಕ್ ಮಾಡಿಸಿ ಎಂದು ಇನ್ನೊಬ್ಬ ಹೇಳಿದ. ಮನೇಲಿ ಏನಾದರೂ ಮಾತಾಯ್ತಾ ಎಂದು ಕಲ್ಲಯ್ಯ ತಗ್ಗಿದ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ, ವಿಚಾರಿಸಿದ. ಪರಿಚಯವೇ ಇಲ್ಲದ ಬಸ್ ಕಂಡಕ್ಟರೊಬ್ಬ ಪಕ್ಕ ಕೂತು ತನ್ನ ಸಂಸಾರದ ಕಥೆಯೆಲ್ಲ ಹೇಳಿದ. ಮಾರನೆಯ ದಿನ ಪುಟ್ಟಬಸವಯ್ಯ ಖಾಲಿ ಪೈಪು ಕಚ್ಚಿಕೊಂಡು ಬಂದ. ಒಬ್ಬರೂ ಮಾತಾಡಿಸಲಿಲ್ಲ. ಪೈಪು ಬಾಯಲ್ಲಿದ್ದರೆ ಸುಮ್ಮನಿರುವವನು ಯೋಚಿಸುತ್ತಿದ್ದಾನೆ ಎಂದು ಲೆಕ್ಕ. ಅವನು ಯೋಚಿಸುತ್ತಲೂ ಇದ್ದ ಎನ್ನುವುದು ಬೇರೆ ಮಾತು.

ಇಷ್ಟು ವರ್ಷ ಯಾರಿಗೂ ತಿಳಿಯದಿದ್ದಕ್ಕೆ ಕಲ್ಲಯ್ಯನ ಸೌದೆ ಒಲೆಯೂ ಅಕ್ಕಪಕ್ಕದವರ ಬೀಡಿಗಳೂ ಕಾರಣ. ಅಷ್ಟೊಂದು ಹೊಗೆಯಲ್ಲಿ ಇದು ಯಾರ ಹೊಗೆ ಎಂದು ಯಾರು ವಿಚಾರಿಸುತ್ತಾರೆ? ಈಗ ಕಲ್ಲಯ್ಯ ಗ್ಯಾಸ್ ಹಾಕಿಸಿದ್ದ. ಗಾಂಧಿ ಜಯಂತಿಯಿಂದ ಬೀಡಿಗಳೂ ಇರುವುದಿಲ್ಲ. ಆ ತಿಳಿಗಾಳಿಯಲ್ಲಿ ತನ್ನ ಪೈಪು ಎಲ್ಲರ ಕಣ್ಣಿಗೂ ಬೀಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಸೇದುತ್ತಾನೆ ಎಂದು ತಿಳಿದರೆ ಹೋಟೆಲಿನಿಂದ ಎಬ್ಬಿಸುತ್ತಾರೆ. ಸೇದುವುದಿಲ್ಲ ಎಂದು ತಿಳಿದರೆ ಕೂರಿಸಿಕೊಂಡು ಮಾತಾಡಿಸುತ್ತಾರೆ.

ಅಧ್ಯಕ್ಷನಾದ ಮೇಲೆ ಸದಸ್ಯರು ಬೇಕಲ್ಲ. ಮಲ್ಲಿಕಾರ್ಜುನ್ ವ್ಯಾನಿನಲ್ಲಿ ಅವನನ್ನು ಕೂರಿಸಿಕೊಂಡು ಹೊರಟ. ಎರಡು ತಾಲೂಕು ಸುತ್ತಿದರೂ ಇನ್ನೊಂದು ಪೈಪು ಸಿಗಲಿಲ್ಲ. ಹುಲ್ಲಹಳ್ಳಿಯಲ್ಲಿ ಟೀ ಕುಡಿಯುವಾಗ ಮಲ್ಲಿಕಾರ್ಜುನನಿಗೆ ಚಿಲುಮೆ ನೆನಪಾಯಿತು. ಮಣ್ಣಿನ ಚಿಲುಮೆಯಲ್ಲಿ ಹೊಗೆಸೊಪ್ಪು ತುಂಬಿ ಸೇದುವ ಮುದುಕರು ಹಳ್ಳಿಗಳಲ್ಲಿ ಇನ್ನೂ ಉಳಿದಿದ್ದರು. ಹೆಮ್ಮರಗಾಲದ ಮಾರಯ್ಯ ಜಗಲಿಯ ಮೇಲೆ ಕೂತು ಚಿಲುಮೆಯ ಬುಡಕ್ಕೆ ಒದ್ದೆ ಬಟ್ಟೆ ಸುತ್ತುತ್ತಿದ್ದ.

"ಅಜ್ಜ, ಪೈಪು ಸೇದ್ತೀರಾ?"

"ಚಿಲುಮೆ ಸೇದ್ತೀನಿ."

"ಅದೇ ಪೈಪು. ನಿಮ್ಮನ್ನ ಸಂಘಕ್ಕೆ ಸೇರಿಸ್ಕೊಳಕ್ಕೆ ಬಂದಿದ್ದೀವಿ. ಸೇದೋದು ನಿಮ್ಮ ಹಕ್ಕು."

"ನಾನು ಉಟ್ದಾಗಿಂದ ನಮ್ಮವ್ವ ಬುಡು ಅಂದ್ಲು, ಎಂಡ್ರು ಬುಡು ಅಂದ್ಲು, ಸೊಸೆ ಬುಡು ಅಂತಾ ಅವ್ಳೆ. ಬಾಗ್ಲಿಗೆ ಬಂದು ಸೇದು ಅನ್ನೋರ್ನ ಇವತ್ತೇ ಕಂಡಿದ್ದು," ಎಂದ ಮಾರಯ್ಯ. ಆಮೇಲೆ ಪುಟ್ಟಬಸವಯ್ಯನ ಬಾಯಿ ನೋಡಿದ. "ಇವ್ರ ಬಾಯಲ್ಲಿರಾದು ಏನ್ಲಾ?"

"ಅದೂ ಪೈಪೇ ಅಜ್ಜ. ಇವ್ರು ಅಧ್ಯಕ್ಷರು."

"ಸ್ವಂಟ ಮುರ್ಕಂಡಿರೋ ಚಿಲುಮೆ ಇದ್ದಂಗದೆ." ಮಾರಯ್ಯ ಮೂಗು ಮುಂದೆ ಚಾಚಿದ. "ಯಾವ ಸೊಪ್ಪು ಆಕಿದ್ದೀರಿ ಸಾ? ವಾಸ್ನೇನೇ ಇಲ್ವಲ್ಲ."

ಪುಟ್ಟಬಸವಯ್ಯ ಆಕಾಶ ನೋಡಿದ. ಮಲ್ಲಿಕಾರ್ಜುನನೇ ಉತ್ತರ ಕೊಟ್ಟ: "ಫಾರಿನ್ದು ಅಜ್ಜ. ಅದು ಬರೀ ಸೇದೋರಿಗೇ ವಾಸನೆ ಬರೋದು."

ಮಾರಯ್ಯ ಒಪ್ಪಿದ. ತನ್ನ ಜೊತೆಯ ನಾಲ್ಕಾರು ಮುದುಕರನ್ನೂ ಕರೆತರುವೆನೆಂದ. ನಂಜನಗೂಡಿಗೆ ವ್ಯಾನು, ಅಲ್ಲಿ ಊಟ ಎಂದಾದರೆ ಯಾವ ಸಂಘವಾದರೇನು ಎನ್ನುವುದು ಅವನ ನಿಲುವು. ಆದರೆ ವಾಪಸು ಬರುವಾಗ ಮಲ್ಲಿಕಾರ್ಜುನ್ ವ್ಯಾನಿನ ಕಿಟಕಿ ಏರಿಸಿ, ಮತ್ತೆ ಮತ್ತೆ ಮೂಗಿನಿಂದ ಗಾಳಿ ಎಳೆದುಕೊಳ್ಳುತ್ತ ಪಕ್ಕಕ್ಕೆ ನೋಡತೊಡಗಿದ. ಹೊಗೆಸೊಪ್ಪಿನ ವ್ಯಾಪಾರದಲ್ಲೇ ತಲೆ ನರೆತವನಿಗೆ ಒಬ್ಬ ಮುದುಕ ಅನುಮಾನ ಹತ್ತಿಸಿಬಿಟ್ಟಿದ್ದ.

ಮನೆಯಲ್ಲಿ ಹೆಂಡತಿ ಮರಿತಾಯಮ್ಮನಿಗೆ ಎಲ್ಲವೂ ಗೊತ್ತಿತ್ತು. ಗಂಡನ ಅಂಗಿ ಒಗೆಯುವವಳಿಗೆ ಅವನು ಸೇದುತ್ತಾನೋ ಇಲ್ಲವೋ ತಿಳಿಯದೆ ಇರುತ್ತದೆಯೆ?

"ಯೋಳ್ಬುಡಿ ಅತ್ಲಾಗಿ, ಸೇದಾಕಿಲ್ಲ ಅಂತ," ಎಂದಳು.

"ಹೇಳಿದ್ರೆ ಆಮೇಲೆ ದಿನಾ ಮಾತಾಡ್ಬೇಕಾಯ್ತದೆ."

"ಮನೇಲಿ ನನ್ ಜೊತೆ ಆಡ್ದೆ ಉಳ್ಸಿರೋ ಮಾತು ಬೇಕಾದಷ್ಟು ಅವೆಯಲ್ಲ. ಅವುನ್ನೇ ತಕ್ಕೊಂಡೋಗಿ ಆಡಿ."

ಗಾಂಧಿ ಜಯಂತಿಗೆ ಮೊದಲು ಮಹಾಲಯ ಅಮಾವಾಸ್ಯೆ ಬಂತು. ಅವತ್ತು ಅವರ ಮನೆಯಲ್ಲಿ ತೀರಿಹೋದ ಹಿರಿಯರಿಗೆ ಎಡೆ ಇಡುತ್ತಾರೆ. ಬದುಕಿದ್ದಾಗ ಅವರಿಗೆ ಏನೇನು ಇಷ್ಟವಿತ್ತೋ ಅದೆಲ್ಲ ಎಲೆಯ ಮೇಲೆ ಇರಬೇಕು. ಪುಟ್ಟಬಸವಯ್ಯನ ಅಪ್ಪನಿಗೆ ಮುದ್ದೆ, ಬಾಡಿನ ಸಾರು, ಚಿಲುಮೆ. ಅಪ್ಪನ ಚಿಲುಮೆ ಎಂದೋ ಒಡೆದುಹೋಗಿದ್ದರಿಂದ ಮರಿತಾಯಮ್ಮ ವರ್ಷಕ್ಕೊಮ್ಮೆ ಗಂಡನ ಪೈಪು ಇಸಿದುಕೊಂಡು ಅದಕ್ಕೆ ಹೊಗೆಸೊಪ್ಪು ತುಂಬಿ, ಮೇಲೊಂದು ಕೆಂಡ ಇಟ್ಟು, ಮಾವನ ಪಟದ ಮುಂದೆ ಇಡುತ್ತಿದ್ದಳು. ಪಕ್ಕದಲ್ಲಿದ್ದ ಬಾಬಾಸಾಹೇಬರ ಪಟವನ್ನು ಮಾತ್ರ ಆ ಹೊತ್ತಿಗೆ ಒಳಕೋಣೆಗೆ ಸಾಗಿಸುತ್ತಿದ್ದಳು. "ಓದ್ದೋರು, ಅವ್ರ ಮುಂದೆ ಇವೆಲ್ಲ ಯಾಕೆ," ಎನ್ನುತ್ತಿದ್ದಳು. ಎಡೆ ಇಟ್ಟ ಮೇಲೆ ಹಿರಿಯರು ನಾಚಿಕೊಳ್ಳದೆ ಉಣ್ಣಲಿ ಎಂದು ಬಾಗಿಲು ಮುಚ್ಚಿ ಮನೆಯವರೆಲ್ಲ ಆಚೆ ಹೋಗಬೇಕು. ಗಂಡ ಹೆಂಡತಿ ಹಿತ್ತಲಿನ ಕಲ್ಲಿನ ಮೇಲೆ ಕೂತರು. ಬೀದಿಯಲ್ಲಿ ವ್ಯಾನು ನಿಂತ ಸದ್ದಾಯಿತು, ಯಾರೋ ಕೂಗಿದರು. ಎಡೆಯ ಹೊತ್ತಿನಲ್ಲಿ ಓಗೊಡುವಂತಿಲ್ಲ. ಅವರು ಕೂತೇ ಇದ್ದರು. ವ್ಯಾನು ಹೊರಟುಹೋಯಿತು.

ಸಂಜೆ ಹೋಟೆಲಿನಲ್ಲಿ ಮಲ್ಲಿಕಾರ್ಜುನ್ ಬಂದವನೇ ಪುಟ್ಟಬಸವಯ್ಯನ ಎರಡೂ ಕೈ ಹಿಡಿದುಕೊಂಡ.

"ತಪ್ಪಾಯ್ತು ಸಾ. ನಿಮ್ಮ ಮೇಲೆ ಅನುಮಾನ ಪಟ್ಟುಬಿಟ್ಟಿದ್ದೆ. ಮಧ್ಯಾಹ್ನ ನಿಮ್ಮ ಮನೆ ಹತ್ರ ಬಂದೆ. ಬಾಗಿಲು ಹಾಕಿತ್ತು. ಕಿಟಕಿ ಸಂದೀಲಿ ಹೊಗೆ ಬರ್ತಾ ಇತ್ತು ನೋಡಿ, ಏನ್ ಘಾಟು, ಏನ್ ಘಮ. ಕೂಗಿದೆ. ನೀವು ಮಾತಾಡ್ಲಿಲ್ಲ. ಮಾತಾಡೋದು ಯಾವತ್ತು ಬುಡಿ. ಬಾಗಿಲು ಹಾಕ್ಕಂಡು ಒಬ್ರೇ ನೆಮ್ಮದಿಯಾಗಿ ಸೇದ್ತಾ ಅವ್ರೆ ಅಂತ ಹಂಗೇ ಬಂದೆ."

ಮಲ್ಲಿಕಾರ್ಜುನನ ಮನೆಯಲ್ಲಿ ಹಿರಿಯರಿಗೆ ಹೀಗೆ ಎಡೆ ಇಡುವ ಪದ್ಧತಿ ಇರಲಿಲ್ಲ. ಸತ್ತವರು ಶಿವನ ಪಾದ ಸೇರಿದ ಮೇಲೆ ಅವರಿಗೆ ಹೊಗೆಸೊಪ್ಪು ಬೇಕಾಗುತ್ತದೆ ಎಂದು ಅವನಿಗೆ ಹೊಳೆಯುವುದಾದರೂ ಹೇಗೆ? ಸೇದಿದ್ದು ನಾನಲ್ಲಪ್ಪ, ನಮ್ಮಪ್ಪ ಎಂಬ ಮಾತು ಪುಟ್ಟಬಸವಯ್ಯನ ನಾಲಿಗೆಯ ತುದಿಗೆ ಬಂದಿತು. ಅದನ್ನು ಹೇಳಿದರೆ ಅಪ್ಪ ತೀರಿಕೊಂಡು ಎಷ್ಟು ಕಾಲವಾಯಿತು ಎಂಬಲ್ಲಿಂದ ಶುರುವಾಗಿ ಬಹಳ ಮಾತಾಡಬೇಕಾಗುತ್ತಿತ್ತು. ಪೈಪು ಕಚ್ಚಿಕೊಂಡ. ಇನ್ನೂ ಅಪ್ಪನ ಸೊಪ್ಪಿನ ಒಗರು ಹೋಗಿರಲಿಲ್ಲ.

ಗಾಂಧಿ ಜಯಂತಿ ಕಳೆದ ಸೋಮವಾರ ನಿಯೋಗ ನಂಜನಗೂಡಿನ ಪ್ರವಾಸಿ ಮಂದಿರಕ್ಕೆ ಹೋಯಿತು. ಶಿವಸ್ವಾಮಿ ಎಂಬ ಮುಖಂಡ ಅಲ್ಲಿ ಇಳಿದಿದ್ದ. ಯಾವುದೋ ನಿಗಮದ ಅಧ್ಯಕ್ಷಗಿರಿ ಸಿಕ್ಕಿದ್ದ ಅವನು ಮುಂದಿನ ಚುನಾವಣೆಗೆ ಟಿಕೆಟಿನ ಆಸೆಯಲ್ಲಿದ್ದ. ಬೆಂಗಳೂರಿನಿಂದ ಡೆಲ್ಲಿಯವರೆಗೆ ತನ್ನ ಮಾತು ನಡೆಯುತ್ತದೆಂದು ಅವನೇ ಹೇಳಿಕೊಳ್ಳುತ್ತಿದ್ದ. ಮಲ್ಲಿಕಾರ್ಜುನ್ ಹಾರ, ಶಾಲು, ಹಣ್ಣಿನ ಬುಟ್ಟಿ, ಮನವಿ ಪತ್ರ, ಪತ್ರಿಕೆಗೆ ಸುದ್ದಿ ಕೊಡುವ ಒಬ್ಬ ಫೋಟೋದವನು, ಎಲ್ಲವನ್ನೂ ಹೊಂದಿಸಿದ್ದ.

"ಎಷ್ಟು ಜನ ಅವ್ರೆ ನಿಮ್ ಪೈಪಿನೋರು?" ಎಂದು ಶಿವಸ್ವಾಮಿ ಕೇಳಿದ.

"ಎರಡು ತಾಲೂಕಿಂದ ಸಾವಿರಾರು ಜನ ಅಣ್ಣ."

"ಮತ್ತೆ ವ್ಯಾನಲ್ಲಿ ಇಷ್ಟೇ ಜನ?"

"ವಯಸ್ಸಾದೋರು, ಬಸ್ಸತ್ತಕ್ಕಾಗಲ್ಲ."

"ಬೀಡಿಯೋರು ಬಂದಿದ್ರು, ಆಯ್ತು ಅಂದಿದ್ದೀನಿ. ಸೊಪ್ಪು ಬೆಳೆಯೋರು ಬಂದಿದ್ರು, ಆಯ್ತು ಅಂದಿದ್ದೀನಿ. ಸೇದೋದು ನಿಲ್ಲಿಸಿ ಅನ್ನೋ ಮಹಿಳಾ ಸಂಘದೋರು ಬಂದಿದ್ರು, ಅವ್ರಿಗೂ ಆಯ್ತು ಅಂದಿದ್ದೀನಿ. ನಿಮಗೂ ಆಯ್ತು," ಎಂದು ಶಿವಸ್ವಾಮಿ ಮನವಿ ಪತ್ರಕ್ಕೆ ಕೈ ಚಾಚಿದ.

ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಫೋಟೋದವನಿಗೆ ತೃಪ್ತಿಯಾಗಲಿಲ್ಲ. "ಯಜಮಾನ್ರು ಒಂದು ದಮ್ಮು ಎಳೀಲಿ ಸಾ. ಹೊಗೆ ಬಂದ್ರೆ ಫೋಟೋ ಚೆನ್ನಾಗಿರ್ತದೆ."

"ಎಳೀತಾರೆ, ಎಳೀತಾರೆ. ಮೊನ್ನೆ ನಾನೇ ಕಣ್ಣಾರೆ ಕಂಡಿದ್ದೀನಿ, ಮನೆ ತುಂಬ ಹೊಗೆ," ಎನ್ನುತ್ತ ಮಲ್ಲಿಕಾರ್ಜುನ್ ಪೈಪು ಇಸಿದುಕೊಂಡು, ತಾನೇ ತಂದಿದ್ದ ಡಬ್ಬಿಯಿಂದ ತಂಬಾಕು ತುಂಬಿ, ಬೆಂಕಿಪೊಟ್ಟಣದ ಜೊತೆ ವಾಪಸು ಕೊಟ್ಟ.

ಪುಟ್ಟಬಸವಯ್ಯ ಪೈಪು ಬಾಯಿಗಿಟ್ಟುಕೊಂಡು ಕಡ್ಡಿ ಗೀರಿದ. ಒಂದು ದಮ್ಮು ಎಳೆದರೆ ಕೆಮ್ಮು ಬರುತ್ತದೆ. ಈ ಎದೆಗೆ ಹೊಗೆ ಮರೆತುಹೋಗಿದೆ. ಮೊದಲ ಸಲ ಕದ್ದು ಸೇದಿದವನಂತೆ ಕೆಮ್ಮಿದರೆ ಗುಟ್ಟು ಅಲ್ಲೇ ರಟ್ಟಾಗುತ್ತದೆ. ಎಳೆಯದಿದ್ದರೆ ಯಾಕೆ ಎಂದು ಕೇಳುತ್ತಾರೆ. ಕಡ್ಡಿ ಉರಿದು ಬೆರಳಿಗೆ ಬಂದಿತು. ಊದಿದ. ಇನ್ನೊಂದು ಗೀರಿದ. ಅದೂ ಉರಿಯಿತು. ಎಲ್ಲರೂ ಅವನ ಬೆರಳನ್ನೇ ನೋಡುತ್ತಿದ್ದರು. ಅವರ ಕಣ್ಣು ತಪ್ಪಿಸಲು ಅವನು ತಲೆಯೆತ್ತಿ ಎದುರಿನ ಗೋಡೆ ನೋಡಿದ. ಅಲ್ಲಿ ಶಿವಸ್ವಾಮಿಯ ತಲೆಯ ಮೇಲೆ ಒಂದು ಹೊಸ ಬೋರ್ಡು ಇತ್ತು. ಇಲ್ಲಿ ಧೂಮಪಾನ ಮಾಡುವುದು ಅಪರಾಧ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಪುಟ್ಟಬಸವಯ್ಯ ಅದನ್ನು ನಿಧಾನವಾಗಿ ಓದಿದ. ಬೇರೇನೂ ತೋಚದೆ ಇನ್ನೊಮ್ಮೆ ಓದಿದ. ಎರಡನೆಯ ಕಡ್ಡಿಯೂ ಆರಿತು.

ಮೊದಲು ಫೋಟೋದವನು ಆ ಕಡೆ ತಿರುಗಿದ, ಆಮೇಲೆ ಮುದುಕರು. ಕೊನೆಗೆ ಶಿವಸ್ವಾಮಿ ಕತ್ತು ಹಿಂದಕ್ಕೆ ತಿರುಗಿಸಿ ತನ್ನ ತಲೆಯ ಮೇಲಿದ್ದದ್ದನ್ನು ಕಂಡ. ಕ್ಯಾಮೆರಾ ತನ್ನ ಕಡೆಗೇ ಹಿಡಿದಿರುವುದನ್ನೂ ಕಂಡ. ಬೋರ್ಡಿನ ಕೆಳಗೆ ತಾನು, ತನ್ನ ಮುಂದೆ ಹೊಗೆ. ನಾಳೆ ಪೇಪರಿನಲ್ಲಿ ಬಂದರೆ ಟಿಕೆಟಿನ ಗತಿಯೇನು? ಅವನು ಕುರ್ಚಿಯಿಂದ ಎದ್ದವನೇ ಪುಟ್ಟಬಸವಯ್ಯನ ಬಾಯಿಂದ ಪೈಪು ತೆಗೆದುಕೊಂಡ.

"ನೋಡ್ರಪ್ಪ," ಎಂದ, ಸಭೆಗೆ ಮಾತಾಡುವ ದನಿಯಲ್ಲಿ. "ಹಿರಿಯರು. ಜೀವಮಾನವೆಲ್ಲ ಸೇದಿದೋರು. ಬಾಯಲ್ಲಿ ಪೈಪು, ಕೈಯಲ್ಲಿ ಬೆಂಕಿ. ಬೋರ್ಡು ಕಂಡ್ರು, ನಿಲ್ಲಿಸಿದ್ರು. ಕಾನೂನಿಗೆ ಗೌರವ ಅಂದ್ರೆ ಇದು ಕಣ್ರೀ. ಈ ಕ್ಷಣದಿಂದ ಸೇದೋದೇ ಬಿಟ್ಟುಬಿಟ್ರು. ಅಲ್ವಾ ಸಾ?"

"ಹ್ಞೂಂ," ಎಂದ ಪುಟ್ಟಬಸವಯ್ಯ.

ಪೈಪನ್ನು ಪುಟ್ಟಬಸವಯ್ಯನ ಜೇಬಿಗೆ ಇಳಿಸಿ, ತನಗೆ ಹೊದಿಸಲು ತಂದಿದ್ದ ಶಾಲನ್ನು ಶಿವಸ್ವಾಮಿಯೇ ಅವನಿಗೆ ಹೊದಿಸಿದ. ಶಾಲಿನ ಇನ್ನೊಂದು ತುದಿ ಹಿಡಿಯಬೇಕಾದವನು ಮಲ್ಲಿಕಾರ್ಜುನ್. ಹಿಡಿದ. ಫೋಟೋದಲ್ಲಿ ಅವನ ಮುಖ ಹಲ್ಲು ಕೀಳಿಸಿಕೊಳ್ಳಲು ಕೂತವನಂತೆ ಬಂದಿತ್ತು.

ಆಚೆ ಹೊಂಗೆ ಮರದ ಕೆಳಗೆ ಮಾರಯ್ಯ ಮತ್ತು ಅವನ ಜೊತೆಯವರು ಆಗಲೇ ಚಿಲುಮೆ ಹಚ್ಚಿದ್ದರು.

"ಕರ್ಕಂಡ್ ಬಂದೋರೇ ಬುಟ್ಬುಟ್ರಲ್ಲಪ್ಪ," ಎಂದ ಮಾರಯ್ಯ ಮಲ್ಲಿಕಾರ್ಜುನನಿಗೆ. "ಈಗ ನಾವೂ ಬುಡ್ಬೇಕಾ, ಇಲ್ಲ ಊಟ ಆದ್ಮೇಲಾ?"

"ನೀವು ಸೇದ್ಕಳಿ ಅಜ್ಜ," ಎಂದ ಮಲ್ಲಿಕಾರ್ಜುನ್ ಸುಸ್ತಾಗಿ.

ಫೋಟೋ ಪೇಪರಿನ ಒಳಪುಟದಲ್ಲಿ ಬಂತು. ಸಂಘ ಅಲ್ಲಿಗೇ ನಿಂತಿತು. ಏರಿಯಾ ಮ್ಯಾನೇಜರ್ ಫೋನು ಮಾಡಿ ಏನೇನು ಹೇಳಿದನೋ, ಮಲ್ಲಿಕಾರ್ಜುನ್ ಒಂದು ವಾರ ಈ ಕಡೆ ವ್ಯಾನು ತರಲಿಲ್ಲ. ತಿ. ನರಸೀಪುರದ ತಾಲೂಕು ಕಚೇರಿಯಲ್ಲಿ ಆರೋಗ್ಯದ ಬಗ್ಗೆ ಒಂದು ಸಭೆ ಮಾಡಿ ಪುಟ್ಟಬಸವಯ್ಯನಿಗೆ ಇನ್ನೊಂದು ಶಾಲು ಹೊದಿಸಿದರು. ಹೇಗೆ ಬಿಟ್ಟಿರಿ, ನಿಮ್ಮ ಅನುಭವ ಹೇಳಿ ಎಂದು ಮೈಕು ಮುಂದೆ ನಿಲ್ಲಿಸಿದರು. ಅವನು ಮೈಕನ್ನು ನೋಡುತ್ತ ನಿಂತ. ನಿಂತೇ ಇದ್ದ. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಅಷ್ಟಾದರೂ ಹೋಟೆಲಿಗೆ ಹೋಗಲು ಅವನಿಗೆ ಭಯವಿತ್ತು. ಇನ್ನು ಪೈಪು ಕಚ್ಚುವಂತಿಲ್ಲ. ಬರಿಯ ಬಾಯಲ್ಲಿ ಮೂಲೆ ಬೆಂಚಿಗೆ ಹೋಗಿ ಕೂತು, ಮೊದಲ ಪ್ರಶ್ನೆಗೆ ಕಾದ. ಕಲ್ಲಯ್ಯ ಕಾಫಿ ತಂದಿಟ್ಟು ಸದ್ದಿಲ್ಲದೆ ಹಿಂದೆ ಸರಿದ. ಪಕ್ಕದ ಬೆಂಚಿನ ಹೊಸಬನೊಬ್ಬ "ಯಾಕ್ ಸಾ ಸಪ್ಪ..." ಎನ್ನುವಷ್ಟರಲ್ಲಿ ಕಲ್ಲಯ್ಯ ಅವನ ಭುಜ ಹಿಡಿದು ಎಬ್ಬಿಸಿದ.

"ಸುಮ್ಕಿರಯ್ಯ. ಚಟ ಬುಟ್ಟವ್ರೆ. ಒಳಗೊಳಗೇ ಎಷ್ಟು ಒದ್ದಾಡ್ತಾ ಅವ್ರೋ ಏನೋ. ಮಾತಾಡಿಸ್ಬ್ಯಾಡ."

ಪೈಪಿದ್ದಾಗಲೂ ಆ ಮೂಲೆ ಅಷ್ಟು ಶಾಂತವಾಗಿರಲಿಲ್ಲ. ಸುತ್ತಲಿನವರು ಪಿಸುಮಾತಿನಲ್ಲಿ ಆಡತೊಡಗಿದರು. ಕೆಲವರು ಬೀಡಿ ಹಚ್ಚಲು ರಸ್ತೆಯ ಆಚೆ ಬದಿಗೇ ಹೋಗುತ್ತಿದ್ದರು, ಅವನ ಕಣ್ಣಿಗೆ ಬಿದ್ದು ಆಸೆ ಹುಟ್ಟದಿರಲಿ ಎಂದು. ಮರುವಾರ ಮಾಲು ಹಾಕಲು ಬಂದ ಮಲ್ಲಿಕಾರ್ಜುನ್ ಕೂಡ ಸಿಗರೇಟಿನ ಬಂಡಲುಗಳನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು ಅವನ ಮುಂದೆ ಹಾದುಹೋದ. ಹೋಗುವಾಗ ಒಂದು ನಿಮಿಷ ನಿಂತು, "ಧೈರ್ಯವಾಗಿರಿ ಸಾ," ಎಂದ.

ಮನೆಯಲ್ಲಿ ಮರಿತಾಯಮ್ಮ ಪೈಪನ್ನು ಬಟ್ಟೆಯಲ್ಲಿ ಸುತ್ತಿ ಎಡೆಯ ಪಾತ್ರೆಗಳ ಜೊತೆ ಟ್ರಂಕಿನಲ್ಲಿಟ್ಟಳು.

"ಬರೋ ವರ್ಸ ಮಾವನ್ಗೆ ಬೇಕಲ್ಲ," ಎಂದಳು. ಆಮೇಲೆ ಎರಡು ಶಾಲುಗಳನ್ನೂ ಮಡಿಸುತ್ತ ಕೇಳಿದಳು: "ಒಂದು ಸೇದಿದ್ದಕ್ಕೆ, ಒಂದು ಬುಟ್ಟಿದ್ದಕ್ಕಾ?"

"ಎರಡೂ ಬಿಟ್ಟಿದ್ದಕ್ಕೆ."

"ಯಾವತ್ತು ಬುಟ್ಟಿದ್ದಕ್ಕೆ?"

ಅವನು ಮಡಿಸಿದ ಶಾಲುಗಳನ್ನು ಟ್ರಂಕಿನಲ್ಲಿಟ್ಟು ಮುಚ್ಚಳ ಹಾಕಿದ.

ಕಾನೂನು ಬರುವ ಹನ್ನೆರಡು ವರ್ಷ ಮೊದಲೇ ತಾನು ಸೇದುವುದನ್ನು ಬಿಟ್ಟಿದ್ದೆನೆಂದು ಪುಟ್ಟಬಸವಯ್ಯ ಊರಿನಲ್ಲಿ ಯಾರಿಗೂ ಹೇಳಲಿಲ್ಲ.